ಕಡತ ಕಣ್ಣೆದುರೇ ಇದೆ, ಲಿಂಕರ್‌ಗೆ ಮಾತ್ರ ಕಾಣುತ್ತಿಲ್ಲ: ಕ್ರಾಸ್ ಟೂಲ್‌ಚೈನ್ ಬಿಲ್ಡ್ ಒಡೆದಾಗ

ಪ್ರಶ್ನೆ: ನನ್ನ ಬಳಿ ಲಿನಕ್ಸ್ ಓಡುವ 64-ಬಿಟ್ ರಿಸ್ಕ್-ಫೈವ್ (ಒಂದು ಬಗೆಯ ಪ್ರೊಸೆಸರ್ ವಿನ್ಯಾಸ) ಬೋರ್ಡ್ ಇದೆ. ಅದಕ್ಕೆ ಬೇಕಾದ ಕ್ರಾಸ್ ಟೂಲ್‌ಚೈನನ್ನು (ಒಂದು ಯಂತ್ರದಲ್ಲಿ ಕೂತು ಇನ್ನೊಂದು ಬಗೆಯ ಯಂತ್ರಕ್ಕೆ ಪ್ರೋಗ್ರಾಂ ಕಟ್ಟುವ ಉಪಕರಣಗಳು), ಅಂದರೆ ಜಿಸಿಸಿ ಕಂಪೈಲರ್ ಮತ್ತು ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು, ವಿಂಡೋಸ್ ಲ್ಯಾಪ್‌ಟಾಪಿನ ಡಬ್ಲ್ಯುಎಸ್‌ಎಲ್ (ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗೆ ಮೂಲದಿಂದ ಕಟ್ಟುತ್ತಿದ್ದೇನೆ. ಜಿಸಿಸಿಯನ್ನು ಎರಡು ಸಲ ಕಟ್ಟಬೇಕಲ್ಲ, ಮೊದಲ ಜಿಸಿಸಿಯಲ್ಲಿ ‘ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್’ ಎಂಬ ಎರರ್ ಬಂತು; ಏನೇನೋ ಬದಲಿಸಿ ದಾಟಿದೆ, ಯಾವುದರಿಂದ ಸರಿಹೋಯಿತೋ ಗೊತ್ತಿಲ್ಲ. ಗ್ಲಿಬ್‌ಸಿ ತಕರಾರಿಲ್ಲದೆ ಆಯಿತು. ಕೊನೆಯ ಜಿಸಿಸಿಗೆ ಒಂದು ಪಾಠದಲ್ಲಿ ಕಂಡಂತೆ ಆರ್ಕ್ (ಚಿಪ್ಪಿಗೆ ಗೊತ್ತಿರುವ ಆದೇಶಗಳ ಗುಂಪು) ‘ಆರ್‌ವಿ64ಐಎಂಎಸಿ’, ಎಬಿಐ (ಫಂಕ್ಷನ್‌ಗಳು ಪರಸ್ಪರ ಮೌಲ್ಯ ಕಳಿಸುವ ಒಪ್ಪಂದ) ‘ಎಲ್‌ಪಿ64’ ಎಂದು ಕೊಟ್ಟೆ. ಆಗ ‘ಜಿಎನ್‌ಯು/ಸ್ಟಬ್ಸ್-ಎಲ್‌ಪಿ64.ಎಚ್’ ಇಲ್ಲ ಎಂದಿತು. ಖಾಲಿ ಕಡತ ಇಟ್ಟರೆ ಸಾಕು ಎಂದು ಯಾರೋ ಹೇಳಿದ್ದರು, ಇಟ್ಟೆ. ಈಗ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಉಪಕರಣ) ‘ಸಿಆರ್‌ಟಿಐ.ಓ’ (ಪ್ರೋಗ್ರಾಂ ಶುರುವಾಗಲು ಬೇಕಾದ ತುಂಡು) ಸಿಗುತ್ತಿಲ್ಲ, ‘ಎಲ್‌ಸಿ’ (ಸಿ ಲೈಬ್ರರಿ) ಸಿಗುತ್ತಿಲ್ಲ ಎನ್ನುತ್ತಿದೆ. ಹುಡುಕಿದರೆ ಎರಡೂ ಸಿಸ್‌ರೂಟಿನಲ್ಲೇ (ಬೋರ್ಡಿನ ಲೈಬ್ರರಿ, ಹೆಡರುಗಳನ್ನು ಇಡುವ ಡೈರೆಕ್ಟರಿ) ಇವೆ. ಸಿಂಬಾಲಿಕ್ ಲಿಂಕ್ ಮಾಡಿ ಲಿಬ್ ಡೈರೆಕ್ಟರಿಗೆ ತಂದಿಡಲೇ?

ಉತ್ತರ: ಬೇಡ, ದಯವಿಟ್ಟು ತಂದಿಡಬೇಡಿ. ಮೊದಲು ನೀವು ಇಟ್ಟ ಆ ಖಾಲಿ ಕಡತವನ್ನು ಅಳಿಸಿ.

ಅದಿದ್ದ ಡೈರೆಕ್ಟರಿಯಲ್ಲೇ ಇನ್ನೊಂದು ಕಡತ ಇರುತ್ತದೆ, ನೋಡಿ: ‘ಸ್ಟಬ್ಸ್-ಎಲ್‌ಪಿ64ಡಿ.ಎಚ್’. ಕೊನೆಯಲ್ಲಿ ಒಂದು ‘ಡಿ’ ಹೆಚ್ಚು. ನಿಮ್ಮ ತೊಂದರೆಯೆಲ್ಲ ಆ ಒಂದಕ್ಷರದಲ್ಲಿದೆ. ಮೊದಲ ಜಿಸಿಸಿಗೆ ನೀವು ಆರ್ಕ್, ಎಬಿಐ ಏನನ್ನೂ ಹೇಳಿರಲಿಲ್ಲ. ಹಾಗಾಗಿ ಅದು ಲಿನಕ್ಸಿಗೆ ರೂಢಿಯಾದ ‘ಆರ್‌ವಿ64ಜಿಸಿ’, ‘ಎಲ್‌ಪಿ64ಡಿ’ ಹಿಡಿಯಿತು. ಅದೇ ಜಿಸಿಸಿಯಿಂದ ಹುಟ್ಟಿದ ಗ್ಲಿಬ್‌ಸಿಯೂ ಎಲ್‌ಪಿ64ಡಿ ಆಯಿತು. ಕೊನೆಯ ಜಿಸಿಸಿಗೆ ಬಂದಾಗ ನೀವು ಎಲ್‌ಪಿ64 ಎಂದಿರಿ. ಈಗ ಮನೆಯೊಳಗೆ ಎರಡು ಭಾಷೆ.

ಎಲ್‌ಪಿ64 ಎಂದರೆ ಲಾಂಗ್ ಮತ್ತು ಪಾಯಿಂಟರ್ ಎರಡೂ 64 ಬಿಟ್, ದಶಮಾಂಶ ಸಂಖ್ಯೆಗಳನ್ನು ಫಂಕ್ಷನ್ನಿಗೆ ಕಳಿಸುವಾಗ ಪೂರ್ಣಾಂಕ ರಿಜಿಸ್ಟರುಗಳಲ್ಲಿ ಕಳಿಸಬೇಕು ಎಂಬ ಒಪ್ಪಂದ. ಎಲ್‌ಪಿ64ಡಿ ಎಂದರೆ ಡಬಲ್‌ಗಳನ್ನು ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳಲ್ಲೇ ಕಳಿಸಬೇಕು ಎಂಬ ಒಪ್ಪಂದ. ಕರೆಯುವವರು ಒಂದು ಜೇಬಿನಲ್ಲಿಟ್ಟು ಕಳಿಸಿದ್ದನ್ನು ಕರೆಸಿಕೊಂಡವರು ಇನ್ನೊಂದು ಜೇಬಿನಲ್ಲಿ ಹುಡುಕಿದರೆ ಸಿಗುವುದು ಕಸ. ಇವೆರಡು ಎಂದೂ ಬೆರೆಯಬಾರದು ಎಂದೇ ರಿಸ್ಕ್-ಫೈವ್ ಗ್ಲಿಬ್‌ಸಿ ತನ್ನ ಲೈಬ್ರರಿಗಳನ್ನು ‘ಯುಎಸ್‌ಆರ್/ಲಿಬ್64/ಎಲ್‌ಪಿ64ಡಿ’ ಎಂಬ ಬೇರೆ ಡೈರೆಕ್ಟರಿಗೆ ಹಾಕುತ್ತದೆ. ನಿಮ್ಮ ಕೊನೆಯ ಜಿಸಿಸಿ ಹುಡುಕುತ್ತಿರುವುದು ‘ಲಿಬ್64/ಎಲ್‌ಪಿ64’ರಲ್ಲಿ. ಅದು ಖಾಲಿ. ಪಕ್ಕದ ಕೋಣೆಗೆ ಅದು ಹೋಗುವುದಿಲ್ಲ, ಹೋಗಲೂಬಾರದು. ನೀವು ಕಡತಗಳನ್ನು ಸಿಂಬಾಲಿಕ್ ಲಿಂಕ್ ಮಾಡಿ ಮುಂದೆ ತಂದಿಟ್ಟಿದ್ದರೆ ಮರುಕ್ಷಣ ‘ಕಾಂಟ್ ಲಿಂಕ್ ಡಬಲ್-ಫ್ಲೋಟ್ ಮಾಡ್ಯೂಲ್ಸ್ ವಿತ್ ಸಾಫ್ಟ್-ಫ್ಲೋಟ್ ಮಾಡ್ಯೂಲ್ಸ್’ ಎಂದು ಲಿಂಕರ್ ನಿಲ್ಲುತ್ತಿತ್ತು.

ಸ್ಟಬ್ಸ್ ಕಡತ ಇಲ್ಲ ಎಂದ ಕ್ಷಣವೇ ಜಿಸಿಸಿ ನಿಮಗೆ ಸತ್ಯ ಹೇಳಿತ್ತು. ಖಾಲಿ ಕಡತ ಇಟ್ಟು ಅದರ ಬಾಯಿ ಮುಚ್ಚಿಸಿದ್ದರಿಂದ ತಪ್ಪು ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಗೊಂದಲದ ರೂಪದಲ್ಲಿ ಕಾಣಿಸಿತು. ಈ ಖಾಲಿ ಕಡತದ ಸಲಹೆ ಹುಟ್ಟಿದ್ದು ಎಕ್ಸ್86 ಜಗತ್ತಿನಲ್ಲಿ. ಅಲ್ಲಿ 64-ಬಿಟ್ ಯಂತ್ರದಲ್ಲಿ ಜಿಸಿಸಿ ಕಟ್ಟುವಾಗ 32-ಬಿಟ್ ರೂಪವನ್ನೂ ಜೊತೆಗೆ ಕಟ್ಟಲು ಹೋಗಿ ‘ಸ್ಟಬ್ಸ್-32.ಎಚ್’ ಇಲ್ಲ ಎನ್ನುತ್ತದೆ. ಅಲ್ಲೂ ಸರಿಯಾದ ಮದ್ದು ಖಾಲಿ ಕಡತವಲ್ಲ, ‘ಡಿಸೇಬಲ್-ಮಲ್ಟಿಲಿಬ್’ ಎಂಬ ಆಯ್ಕೆ.

ಹಾಗಾದರೆ ಯಾವ ಎಬಿಐ ಹಿಡಿಯಬೇಕು? ಬೋರ್ಡಿನಲ್ಲಿ ಈಗಾಗಲೇ ಲಿನಕ್ಸ್ ಓಡುತ್ತಿದೆ ಎಂದಿದ್ದೀರಿ. ಅದರ ‘ಪ್ರಾಕ್’ ಡೈರೆಕ್ಟರಿಯ ‘ಸಿಪಿಯುಇನ್ಫೊ’ ಕಡತ ತೆರೆದು ‘ಐಎಸ್‌ಎ’ ಸಾಲು ಓದಿ. ಆರ್‌ವಿ64 ಆದಮೇಲೆ ‘ಐಎಂಎಎಫ್‌ಡಿಸಿ’ ಎಂದಿದ್ದರೆ ಎಫ್ ಮತ್ತು ಡಿ (ದಶಮಾಂಶ ಲೆಕ್ಕದ ಆದೇಶಗಳು) ಎರಡೂ ಚಿಪ್ಪಿನಲ್ಲಿವೆ. ಎಲ್ಲ ಹಂತಕ್ಕೂ ಆರ್‌ವಿ64ಜಿಸಿ, ಎಲ್‌ಪಿ64ಡಿ ಕೊಡಿ. ಡೆಬಿಯನ್ ಎಂಬ ಲಿನಕ್ಸ್ ರೂಪ ರಿಸ್ಕ್-ಫೈವಿಗಾಗಿ ಆರಿಸಿಕೊಂಡದ್ದೂ ಇದನ್ನೇ. ನೀವು ನೋಡಿದ ಪಾಠ ಬಹುಶಃ ಆಪರೇಟಿಂಗ್ ಸಿಸ್ಟಮ್ ಇಲ್ಲದ ಮೈಕ್ರೋಕಂಟ್ರೋಲರಿನದು. ನಮ್ಮಲ್ಲಿ ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರುಗಳಿಂದಾಗಿ ರಿಸ್ಕ್-ಫೈವ್ ಕಲಿಯುವವರು ಹೆಚ್ಚಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಸಿ-ಡ್ಯಾಕ್‌ನ ಏರೀಸ್ ಬೋರ್ಡುಗಳಲ್ಲಿರುವ ತೇಜಸ್32 ಚಿಪ್ 32-ಬಿಟ್ಟಿನದು, ಅದರ ಮೇಲೆ ಲಿನಕ್ಸ್ ಓಡುವುದಿಲ್ಲ. ಅದಕ್ಕೆ ಬೇಕಾದದ್ದು ನ್ಯೂಲಿಬ್ (ಆಪರೇಟಿಂಗ್ ಸಿಸ್ಟಮ್ ಇಲ್ಲದ ಚಿಪ್ಪುಗಳಿಗಾಗಿರುವ ಸಣ್ಣ ಸಿ ಲೈಬ್ರರಿ) ಇರುವ ಬೇರೆಯೇ ಟೂಲ್‌ಚೈನ್. ಆ ಜಗತ್ತಿನ ಪಾಠದ ಆಯ್ಕೆಗಳನ್ನು ಈ ಜಗತ್ತಿಗೆ ತಂದರೆ ಹೀಗಾಗುತ್ತದೆ.

ಇಷ್ಟು ನಿಮ್ಮ ಇವತ್ತಿನ ಎರರ್‌ಗೆ. ಆದರೆ ‘ಯಾವುದರಿಂದ ಸರಿಹೋಯಿತೋ ಗೊತ್ತಿಲ್ಲ’ ಎಂದು ಬರೆದಿದ್ದೀರಲ್ಲ, ಆ ಸಾಲು ನನ್ನನ್ನು ಕಾಡಿತು. ಕ್ರಾಸ್ ಟೂಲ್‌ಚೈನಿನಲ್ಲಿ ಬಿಲ್ಡ್ ಒಡೆಯುವ ಜಾಗ ಒಂದು, ತಪ್ಪಾದ ಜಾಗ ಇನ್ನೊಂದು; ಬಹುಪಾಲು ತಪ್ಪು ಹಿಂದಿನ ಹಂತದಲ್ಲೇ ಆಗಿರುತ್ತದೆ. ಹಿಂದಿನ ಹಂತ ಹೇಗೆ ಸರಿಹೋಯಿತು ಎಂದು ಗೊತ್ತಿಲ್ಲದಿದ್ದರೆ ಮುಂದಿನದನ್ನು ಸರಿಪಡಿಸುವ ದಾರಿಯೇ ಇರುವುದಿಲ್ಲ. ಹೇಗೂ ಮೊದಲಿನಿಂದ ಕಟ್ಟಬೇಕಾಗಿದೆ, ಒಂದೊಂದೇ ನೋಡೋಣ.

ಇಲ್ಲಿರುವುದು ಬೀಜ-ವೃಕ್ಷ ನ್ಯಾಯ. ಸಿ ಲೈಬ್ರರಿ ಕಟ್ಟಲು ಕಂಪೈಲರ್ ಬೇಕು. ಪೂರ್ಣ ಕಂಪೈಲರ್ ಕಟ್ಟಲು ಸಿ ಲೈಬ್ರರಿ ಬೇಕು. ಮೊಸರಿಗೆ ಹೆಪ್ಪು ಹಾಕಿದಂತೆ, ಮೊದಲು ಒಂದು ಅರೆಬರೆ ಜಿಸಿಸಿ ಮಾಡಿಕೊಳ್ಳುತ್ತೇವೆ. ಕ್ರಮ ಹೀಗೆ: ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇತ್ಯಾದಿ), ಮೊದಲ ಜಿಸಿಸಿ, ಲಿನಕ್ಸ್ ಹೆಡರುಗಳು (ಕರ್ನಲ್ಲಿನ ಸೌಲಭ್ಯಗಳನ್ನು ಘೋಷಿಸುವ ಕಡತಗಳು), ಗ್ಲಿಬ್‌ಸಿ, ಕೊನೆಯ ಜಿಸಿಸಿ. ಹಳೆಯ ಪಾಠಗಳಲ್ಲಿ ನಡುವೆ ಗ್ಲಿಬ್‌ಸಿ ಹೆಡರುಗಳನ್ನು ಮಾತ್ರ ಹಾಕಿ, ಖಾಲಿ ‘ಲಿಬ್‌ಸಿ.ಎಸ್‌ಓ’ ಒಂದನ್ನು ಹುಟ್ಟಿಸಿ, ಜಿಸಿಸಿಯನ್ನು ಮೂರು ಸಲ ಕಟ್ಟುವ ಸುತ್ತುದಾರಿ ಇದೆ. ಈಗಿನ ಆವೃತ್ತಿಗಳಿಗೆ ಅದು ಬೇಕಿಲ್ಲ.

ಮೊದಲ ಜಿಸಿಸಿಗೆ ಬನ್ನಿ. ‘ಕೆನಾಟ್ ಕಂಪ್ಯೂಟ್ ಸಫಿಕ್ಸ್’ ಎಂಬುದು ನಿಜವಾದ ಎರರ್ ಅಲ್ಲ. ಆಗತಾನೇ ಹುಟ್ಟಿದ ಕಂಪೈಲರಿಗೆ ಲಿಬ್‌ಜಿಸಿಸಿಯ (ಜಿಸಿಸಿಯ ಸಹಾಯಕ ಲೈಬ್ರರಿ) ಕಾನ್ಫಿಗರ್ ಸ್ಕ್ರಿಪ್ಟ್ (ಬಿಲ್ಡಿಗೆ ಮುನ್ನ ಪರೀಕ್ಷೆ ಮಾಡಿ ಸಿದ್ಧಪಡಿಸುವಂಥದ್ದು) ಒಂದು ಪುಟ್ಟ ಕಡತ ಕೊಟ್ಟು ಕಂಪೈಲ್ ಮಾಡಿಸಿ ನೋಡುತ್ತದೆ. ಅದು ಆಗಲಿಲ್ಲ ಎಂದಷ್ಟೇ ಆ ಮಾತಿನ ಅರ್ಥ. ಏಕೆ ಆಗಲಿಲ್ಲ ಎಂಬುದು ಬಿಲ್ಡ್ ಡೈರೆಕ್ಟರಿಯಲ್ಲಿ ಟಾರ್ಗೆಟ್ ಹೆಸರಿನ (ಬೋರ್ಡಿನ ಬಗೆ ಹೇಳುವ ಹೆಸರು) ಡೈರೆಕ್ಟರಿಯ ಒಳಗೆ, ಲಿಬ್‌ಜಿಸಿಸಿಯ ಒಳಗೆ, ‘ಕಾನ್ಫಿಗ್.ಲಾಗ್’ ಕಡತದಲ್ಲಿ ಇದೆ. ತಪ್ಪಿ ಹೊರಗಿನ ಕಾನ್ಫಿಗ್.ಲಾಗ್ ಓದುವವರೇ ಜಾಸ್ತಿ. ನಾನೂ ಮೊದಲ ಸಲ ಎರಡು ದಿನ ಹೊರಗಿನದನ್ನೇ ಓದುತ್ತ ಕೂತಿದ್ದೆ. ಒಳಗಿನದನ್ನು ತೆರೆದು ‘ಎಕ್ಸ್‌ಜಿಸಿಸಿ’ (ಆಗತಾನೇ ಹುಟ್ಟಿದ ಆ ಕಂಪೈಲರಿನ ಹೆಸರು) ಎಂಬ ಪದ ಹುಡುಕಿ, ಅದನ್ನು ಓಡಿಸಿದ ಸಾಲಿನ ಕೆಳಗೆ ಓದಿ. ಬಹುತೇಕ ಎರಡರಲ್ಲಿ ಒಂದು ಇರುತ್ತದೆ.

ಒಂದು, ‘ಸಿಸಿ1’ಗೆ (ಜಿಸಿಸಿಯೊಳಗೆ ನಿಜವಾಗಿ ಸಿ ಕಂಪೈಲ್ ಮಾಡುವ ಪ್ರೋಗ್ರಾಂ) ‘ಲಿಬ್‌ಎಂಪಿಸಿ’ ಅಥವಾ ‘ಲಿಬ್‌ಎಂಪಿಎಫ್‌ಆರ್’ ಎಂಬ ಲೆಕ್ಕದ ಲೈಬ್ರರಿ ಲೋಡ್ ಮಾಡಲು ಆಗಲಿಲ್ಲ ಎಂದಿರುತ್ತದೆ. ಈ ಲೈಬ್ರರಿಗಳನ್ನು ನೀವು ಬೇರೆ ಕಡೆ ಕಟ್ಟಿ ಹಾಕಿದ್ದೀರಿ, ಓಡುವಾಗ ಅವು ಸಿಗುತ್ತಿಲ್ಲ. ಎಲ್‌ಡಿ_ಲೈಬ್ರರಿ_ಪಾಥ್ (ಓಡುವಾಗ ಲೈಬ್ರರಿ ಹುಡುಕುವ ದಾರಿಗಳ ಪಟ್ಟಿ) ಹೊಂದಿಸಿ ದಾಟಬಹುದು, ಆದರೆ ಅದೇ ಮುಂದೆ ಗ್ಲಿಬ್‌ಸಿಯಲ್ಲಿ ಕಾಲಿಗೆ ತೊಡರುತ್ತದೆ. ಜಿಸಿಸಿ ಮೂಲದ ‘ಕಾಂಟ್ರಿಬ್’ ಡೈರೆಕ್ಟರಿಯಲ್ಲಿ ‘ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್’ ಎಂಬ ಸ್ಕ್ರಿಪ್ಟ್ ಇದೆ. ಮೂಲ ಡೈರೆಕ್ಟರಿಯಲ್ಲಿ ನಿಂತು ಅದನ್ನು ಓಡಿಸಿದರೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರೂ ಜಿಸಿಸಿಯ ಜೊತೆಗೇ ಕಟ್ಟಿಕೊಳ್ಳುತ್ತವೆ. ಈ ಜಂಜಾಟ ಅಲ್ಲಿಗೆ ಮುಗಿಯಿತು.

ಎರಡು, ಅಸೆಂಬ್ಲರ್ ತನಗೆ ಆರ್‌ವಿ64 ಎಂಬ ಆರ್ಕ್ ಗೊತ್ತಿಲ್ಲ ಎಂದಿರುತ್ತದೆ. ಅಂದರೆ ರಿಸ್ಕ್-ಫೈವಿನ ಅಸೆಂಬ್ಲರ್ ಸಿಗದೆ ಲ್ಯಾಪ್‌ಟಾಪಿನ ಎಕ್ಸ್86 ಅಸೆಂಬ್ಲರಿಗೆ ಕೆಲಸ ಹೋಗಿದೆ. ಬಿನ್‌ಯುಟಿಲ್ಸಿಗೂ ಜಿಸಿಸಿಗೂ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ದಾರಿ) ಬೇರೆ ಕೊಟ್ಟಿರುತ್ತೀರಿ, ಇಲ್ಲವೇ ಟಾರ್ಗೆಟ್ ಹೆಸರಿನಲ್ಲಿ ವ್ಯತ್ಯಾಸ ಇರುತ್ತದೆ: ಒಂದು ಕಡೆ ‘ರಿಸ್ಕ್‌ವಿ64-ಲಿನಕ್ಸ್-ಜಿಎನ್‌ಯು’, ಇನ್ನೊಂದು ಕಡೆ ನಡುವೆ ‘ಅನ್‌ನೋನ್’. ನಮ್ಮ ಕಣ್ಣಿಗೆ ಎರಡೂ ಒಂದೇ, ಜಿಸಿಸಿಗೆ ಅಲ್ಲ. ‘ಪ್ರಿಂಟ್-ಪ್ರಾಗ್-ನೇಮ್’ಗೆ ‘ಎಎಸ್’ ಎಂದು ಕೊಟ್ಟು ಕಂಪೈಲರನ್ನೇ ಕೇಳಿ. ಪೂರ್ತಿ ದಾರಿ ಹೇಳಿದರೆ ಸರಿ, ಬರಿಯ ‘ಎಎಸ್’ ಎಂದರೆ ಅದಕ್ಕೆ ತನ್ನದು ಸಿಕ್ಕಿಲ್ಲ.

ಈ ಹಂತದಲ್ಲಿ ಭಾಷೆ ಸಿ ಒಂದೇ ಸಾಕು. ‘ವಿದೌಟ್-ಹೆಡರ್ಸ್’, ‘ವಿತ್-ನ್ಯೂಲಿಬ್’, ‘ಡಿಸೇಬಲ್-ಶೇರ್ಡ್’, ‘ಡಿಸೇಬಲ್-ಥ್ರೆಡ್ಸ್’ ಬೇಕು. ಗ್ಲಿಬ್‌ಸಿ ಕಟ್ಟುತ್ತಿರುವಾಗ ನ್ಯೂಲಿಬ್ ಏಕೆ ಎಂದು ಎಲ್ಲರೂ ಕೇಳುತ್ತಾರೆ. ನಿಜವಾದ ನ್ಯೂಲಿಬ್ ಬರುವುದಿಲ್ಲ. ‘ಸಿ ಲೈಬ್ರರಿ ಇನ್ನೂ ಇಲ್ಲ, ಅದನ್ನು ನೆಚ್ಚಿದ ಭಾಗಗಳನ್ನು ಬಿಡು’ ಎಂದು ಲಿಬ್‌ಜಿಸಿಸಿಗೆ ತಿಳಿಸುವ ಬಗೆ ಅದು. ಕಟ್ಟುವಾಗ ಬರೀ ‘ಮೇಕ್’ ಎನ್ನಬೇಡಿ. ‘ಆಲ್-ಜಿಸಿಸಿ’ ಮತ್ತು ‘ಆಲ್-ಟಾರ್ಗೆಟ್-ಲಿಬ್‌ಜಿಸಿಸಿ’ ಎಂದು ಬಿಡಿಸಿ ಹೇಳಿ. ಸಿ++ ಅನ್ನೂ ಸೇರಿಸಿ ಬರೀ ಮೇಕ್ ಎಂದವರಿಗೆ ‘ಲಿಂಕ್ ಟೆಸ್ಟ್ಸ್ ಆರ್ ನಾಟ್ ಅಲೌಡ್ ಆಫ್ಟರ್ ಜಿಸಿಸಿ_ನೋ_ಎಕ್ಸಿಕ್ಯೂಟಬಲ್ಸ್’ ಎಂಬ ವಿಚಿತ್ರ ವಾಕ್ಯ ಎದುರಾಗುತ್ತದೆ. ಸಿ ಲೈಬ್ರರಿ ಇಲ್ಲದೆ ಯಾವ ಪ್ರೋಗ್ರಾಮನ್ನೂ ಲಿಂಕ್ ಮಾಡಲಾಗದು, ಆದರೂ ಸಿ++ ಲೈಬ್ರರಿ ಕಟ್ಟಲು ಹೊರಟಿದ್ದೀರಿ ಎಂದು ಅದರ ಅರ್ಥ.

ಲಿನಕ್ಸ್ ಹೆಡರುಗಳಲ್ಲಿ ತಪ್ಪುವುದು ಹೆಸರು. ಕರ್ನಲ್ಲಿನ ಪಾಲಿಗೆ ಆರ್ಕ್ ‘ರಿಸ್ಕ್‌ವಿ’ ಮಾತ್ರ, 64 ಸೇರಿಸಬಾರದು. ಆರ್ಮ್ ಕಡೆಯವರಿಗೂ ಇದೇ ಪೇಚು: ಜಿಸಿಸಿಯಲ್ಲಿ ‘ಎಆರ್ಕ್64’, ಕರ್ನಲ್ಲಿನಲ್ಲಿ ‘ಆರ್ಮ್64’. ‘ಹೆಡರ್ಸ್_ಇನ್‌ಸ್ಟಾಲ್’ಗೆ ಆರ್‌ಸಿಂಕ್ ಬೇಕು, ಹಾಕಿಕೊಂಡಿರಿ. ಡಬ್ಲ್ಯುಎಸ್‌ಎಲ್‌ನಲ್ಲಿರುವ ನಿಮಗೆ ಇಲ್ಲಿ ವಿಶೇಷ ಎಚ್ಚರಿಕೆ. ಮೂಲವನ್ನು ವಿಂಡೋಸಿನ ಸಿ ಡ್ರೈವಿನಲ್ಲಿ, ಅಂದರೆ ‘ಎಂಎನ್‌ಟಿ/ಸಿ’ ಕೆಳಗೆ ಬಿಚ್ಚಬೇಡಿ. ಕರ್ನಲ್ಲಿನಲ್ಲಿ ‘ಎಕ್ಸ್‌ಟಿ_ಮಾರ್ಕ್.ಎಚ್’ ಎಂಬ ಹೆಸರಿನ ಎರಡು ಹೆಡರುಗಳಿವೆ, ಒಂದರಲ್ಲಿ ಮಾರ್ಕ್ ದೊಡ್ಡಕ್ಷರದಲ್ಲಿ, ಇನ್ನೊಂದರಲ್ಲಿ ಸಣ್ಣಕ್ಷರದಲ್ಲಿ. ವಿಂಡೋಸಿಗೆ ಅವೆರಡೂ ಒಂದೇ. ಒಂದು ಇನ್ನೊಂದನ್ನು ಸದ್ದಿಲ್ಲದೆ ನುಂಗುತ್ತದೆ. ಮ್ಯಾಕ್ ಬಳಸುವವರಿಗೂ ಇದೇ ಅಪಾಯ. ಜೊತೆಗೆ ವಿಂಡೋಸಿನ ಪಾಥ್ (ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಡಬ್ಲ್ಯುಎಸ್‌ಎಲ್ ಒಳಗೆ ಹರಿದು ಬರುತ್ತದೆ, ಅದರಲ್ಲಿ ‘ಪ್ರೋಗ್ರಾಂ ಫೈಲ್ಸ್’ ಎಂಬ ನಡುವೆ ಖಾಲಿ ಜಾಗವಿರುವ ಹೆಸರು ಇದೆ. ಟೂಲ್‌ಚೈನನ್ನು ತಾನೇ ಕಟ್ಟಿಕೊಡುವ ಬಿಲ್ಡ್‌ರೂಟ್ ಇದನ್ನು ಕಂಡರೆ ಶುರುವಿನಲ್ಲೇ ನಿಲ್ಲುತ್ತದೆ. ಕೈಯಲ್ಲಿ ಕಟ್ಟುವಾಗ ಹಾಗೆ ಎಚ್ಚರಿಸುವವರು ಯಾರೂ ಇಲ್ಲ, ನೀವೇ ಪಾಥ್ ಚೊಕ್ಕ ಮಾಡಿಕೊಳ್ಳಬೇಕು.

ಗ್ಲಿಬ್‌ಸಿ ತಕರಾರಿಲ್ಲದೆ ಆಯಿತು ಎಂದಿರಿ. ಆದರೂ ಎರಡು ಸಂಗತಿ ಪರೀಕ್ಷಿಸಿ. ಬಿಲ್ಡ್ (ಕಟ್ಟುವ ಯಂತ್ರ), ಹೋಸ್ಟ್ (ಕಟ್ಟಿದ್ದು ಓಡುವ ಯಂತ್ರ), ಟಾರ್ಗೆಟ್ ಎಂಬ ಮೂರು ಪದಗಳಲ್ಲಿ ಟಾರ್ಗೆಟ್ ಎಂಬುದು ಕಂಪೈಲರಿನಂಥ ಉಪಕರಣಗಳಿಗೆ ಮಾತ್ರ, ಏಕೆಂದರೆ ಅವು ಮಾತ್ರ ಇನ್ನೊಂದು ಯಂತ್ರಕ್ಕಾಗಿ ಏನನ್ನೋ ಹುಟ್ಟಿಸುತ್ತವೆ. ಗ್ಲಿಬ್‌ಸಿ ತಾನೇ ಬೋರ್ಡಿನಲ್ಲಿ ಓಡುವ ವಸ್ತು, ಆದ್ದರಿಂದ ಅದಕ್ಕೆ ಬೋರ್ಡೇ ಹೋಸ್ಟ್. ಇಲ್ಲಿ ಹೋಸ್ಟ್ ಬದಲು ಟಾರ್ಗೆಟ್ ಎಂದು ಕೊಟ್ಟವರ ಬಿಲ್ಡ್ ಸಲೀಸಾಗಿ ಮುಗಿಯಬಹುದು. ಆದರೆ ಹುಟ್ಟಿದ್ದು ಲ್ಯಾಪ್‌ಟಾಪಿನ ಎಕ್ಸ್86 ಲೈಬ್ರರಿ! ನಿಮ್ಮದರಲ್ಲಿ ಎಲ್‌ಪಿ64ಡಿ ಡೈರೆಕ್ಟರಿ ಇದ್ದರೆ ಈ ತಪ್ಪು ಆಗಿಲ್ಲ.

ಇನ್ನೊಂದು ಪ್ರಿಫಿಕ್ಸ್. ಪ್ರಿಫಿಕ್ಸ್ ಯಾವಾಗಲೂ ‘/ಯುಎಸ್‌ಆರ್’ ಇರಲಿ, ಸಿಸ್‌ರೂಟಿನ ದಾರಿಯನ್ನು ಇನ್‌ಸ್ಟಾಲ್ ಮಾಡುವಾಗ ‘ಇನ್‌ಸ್ಟಾಲ್_ರೂಟ್’ ಮೂಲಕ ಕೊಡಿ. ‘ಲಿಬ್‌ಸಿ.ಎಸ್‌ಓ’ ನಿಜವಾದ ಲೈಬ್ರರಿಯಲ್ಲ, ನಾಲ್ಕಾರು ಸಾಲಿನ ಪಠ್ಯ ಕಡತ, ನಿಜವಾದ ಲೈಬ್ರರಿ ಎಲ್ಲಿದೆ ಎಂದು ಲಿಂಕರಿಗೆ ಹೇಳುವ ಚೀಟಿ. ಎಡಿಟರಿನಲ್ಲಿ ತೆರೆದು ನೋಡಿ. ಅದರೊಳಗೆ ನಿಮ್ಮ ಹೋಮ್ ಡೈರೆಕ್ಟರಿಯ ಹೆಸರು ಕಂಡರೆ ಪ್ರಿಫಿಕ್ಸ್ ತಪ್ಪಿದೆ. ಆ ದಾರಿಯ ಹಿಂದೆ ಲಿಂಕರ್ ಸಿಸ್‌ರೂಟನ್ನು ಇನ್ನೊಮ್ಮೆ ಅಂಟಿಸಿ ಇಲ್ಲದ ಊರಿಗೆ ಹೋಗುತ್ತದೆ.

ಉಳಿದವು ಚಿಕ್ಕವು. ಗ್ಲಿಬ್‌ಸಿಯನ್ನು ಮೂಲದ ಡೈರೆಕ್ಟರಿಯೊಳಗೇ ಕಟ್ಟಲು ಬರುವುದಿಲ್ಲ. ಆಪ್ಟಿಮೈಸೇಶನ್ ಇಲ್ಲದೆ ಕಟ್ಟಲೂ ಬರುವುದಿಲ್ಲ. ಎಲ್‌ಡಿ_ಲೈಬ್ರರಿ_ಪಾಥ್‌ನಲ್ಲಿ ಈಗಿರುವ ಡೈರೆಕ್ಟರಿ ಇದ್ದರೆ ಅದು ನಿರಾಕರಿಸುತ್ತದೆ, ಕೊನೆಯಲ್ಲಿ ಮರೆತುಹೋದ ಒಂದು ಕೋಲನ್ ಕೂಡ ಹಾಗೆಯೇ ಲೆಕ್ಕ. ಗ್ಲಿಬ್‌ಸಿ 2.29ರಿಂದ ಪೈಥಾನ್ 3.4 ಅಥವಾ ಅದಕ್ಕಿಂತ ಹೊಸದು ಬೇಕು. 2015ರಲ್ಲಿ ಬಂದ 2.21ರಿಂದ ಎಚ್ಚರಿಕೆಗಳೆಲ್ಲ ಎರರ್ ಆಗುತ್ತವೆ. ಹಳೆಯ ಗ್ಲಿಬ್‌ಸಿಯನ್ನು ಹೊಸ ಜಿಸಿಸಿಯಿಂದ ಕಟ್ಟಿದರೆ ಹೊಸ ಜಿಸಿಸಿ ಹೊಸ ಎಚ್ಚರಿಕೆ ಕೊಟ್ಟು ಬಿಲ್ಡ್ ನಿಲ್ಲುತ್ತದೆ. ಅಲ್ಲಿ ‘ಡಿಸೇಬಲ್-ವೆರರ್’ ಕೊಡುವುದು ನ್ಯಾಯವಾದ ದಾರಿ.

ಆದರೆ ಆ ದಾರಿ ಹಿಡಿಯುವ ಮುನ್ನ ಆವೃತ್ತಿಗಳನ್ನೇ ನೋಡಿಕೊಳ್ಳಿ. ಟೂಲ್‌ಚೈನಿನ ಒಡಕುಗಳಲ್ಲಿ ಬಹಳಷ್ಟು ನಿಜಕ್ಕೂ ವಯಸ್ಸಿನ ಅಂತರದ ಜಗಳಗಳು. 2017ರ ಗ್ಲಿಬ್‌ಸಿ 2.26ರಲ್ಲಿ ‘ಸ್ಟ್ರಕ್ಟ್ ಯುಕಾಂಟೆಕ್ಸ್ಟ್’ ಎಂಬ ಹೆಸರು ಹೋಯಿತು. ಅದಕ್ಕಿಂತ ಹಳೆಯ ಜಿಸಿಸಿಗಳ ಲಿಬ್‌ಜಿಸಿಸಿ ಅಲ್ಲೇ ಮುಗ್ಗರಿಸಿತು. 2.28ರಲ್ಲಿ ‘ಸಿಸ್/ಯುಸ್ಟಾಟ್.ಎಚ್’ ಹೋಯಿತು, ಹಳೆಯ ಜಿಸಿಸಿಯ ಲಿಬ್‌ಸ್ಯಾನಿಟೈಸರ್ (ಓಡುವಾಗ ಮೆಮೊರಿ ತಪ್ಪು ಹಿಡಿಯುವ ಲೈಬ್ರರಿ) ಒಡೆಯಿತು. ಅತ್ತ 2020ರ ಜಿಸಿಸಿ 10, ಹೆಡರಿನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಬರೆದ ವೇರಿಯಬಲ್‌ಗಳನ್ನು ‘ಮಲ್ಟಿಪಲ್ ಡೆಫಿನಿಶನ್’ ಎಂದು ತಿರಸ್ಕರಿಸತೊಡಗಿತು. 2024ರ ಜಿಸಿಸಿ 14ರಲ್ಲಿ ಘೋಷಿಸದ ಫಂಕ್ಷನ್ ಕರೆಯುವುದೇ ಎರರ್. ಇದರ ಒಂದು ಅಡ್ಡಪರಿಣಾಮ ತಿಳಿದಿರಲಿ: ಹಳೆಯ ಕಾನ್ಫಿಗರ್ ಸ್ಕ್ರಿಪ್ಟುಗಳು ತಮ್ಮ ಪುಟ್ಟ ಪರೀಕ್ಷೆಗಳಲ್ಲೇ ಹಾಗೆ ಬರೆದಿರುತ್ತವೆ. ಪರೀಕ್ಷೆ ಸೋಲುತ್ತದೆ, ‘ಈ ಸೌಲಭ್ಯ ಇಲ್ಲ’ ಎಂದು ಸ್ಕ್ರಿಪ್ಟ್ ತಪ್ಪು ತಿಳಿಯುತ್ತದೆ, ಎರರ್ ಎಲ್ಲೋ ದೂರದಲ್ಲಿ ಏಳುತ್ತದೆ. 2025ರ ಜಿಸಿಸಿ 15ರಲ್ಲಿ ಸಿ23 ರೂಢಿಯ ಭಾಷೆಯಾಗಿ, ತಾವೇ ‘ಬೂಲ್’ ಎಂದು ಹೆಸರಿಟ್ಟುಕೊಂಡ ಹಳೆಯ ಕೋಡುಗಳೂ ನಿಂತವು.

ರಿಸ್ಕ್-ಫೈವಿನಲ್ಲಿ ಇನ್ನೂ ಒಂದಿದೆ. 2022ರ ಬಿನ್‌ಯುಟಿಲ್ಸ್ 2.38ರಿಂದ ‘ಸಿಎಸ್‌ಆರ್’ ಆದೇಶಗಳು (ಪ್ರೊಸೆಸರಿನ ನಿಯಂತ್ರಣ ರಿಜಿಸ್ಟರುಗಳನ್ನು ಓದಿ ಬರೆಯುವಂಥವು) ಮೂಲ ‘ಐ’ ಗುಂಪಿನಿಂದ ಬೇರೆಯಾಗಿ ‘ಝಿಸಿಎಸ್‌ಆರ್’ ಎಂಬ ವಿಸ್ತರಣೆಗೆ ಸೇರಿದವು. ನಿನ್ನೆಯವರೆಗೆ ಕಟ್ಟುತ್ತಿದ್ದ ಬೂಟ್‌ಲೋಡರ್ ಇಂದು ಆದೇಶ ಗೊತ್ತಿಲ್ಲ, ಝಿಸಿಎಸ್‌ಆರ್ ಬೇಕು ಎಂದರೆ ಆರ್ಕ್ ಹೆಸರಿನ ಬಾಲಕ್ಕೆ ಅದನ್ನು ಸೇರಿಸಿ. ಆರ್‌ವಿ64ಜಿಸಿ ಕೊಟ್ಟವರಿಗೆ ಇದು ತಟ್ಟದು, ಏಕೆಂದರೆ ‘ಜಿ’ಯಲ್ಲಿ ಅದೂ ಸೇರಿದೆ.

ಆದ್ದರಿಂದ ಒಂದೇ ವರ್ಷದ ಕೂಸುಗಳನ್ನು ಜೊತೆಗೂಡಿಸಿ. ಗ್ಲಿಬ್‌ಸಿ ಫೆಬ್ರುವರಿ ಮತ್ತು ಆಗಸ್ಟಿನಲ್ಲಿ ಬರುತ್ತದೆ, ಜಿಸಿಸಿಯ ದೊಡ್ಡ ಆವೃತ್ತಿ ವರ್ಷಕ್ಕೊಂದು. ನಿಮಗೆ ನಾನು ಹೇಳುವುದು 2023ರ ಗುಂಪನ್ನು: ಬಿನ್‌ಯುಟಿಲ್ಸ್ 2.41, ಜಿಸಿಸಿ 13.2, ಗ್ಲಿಬ್‌ಸಿ 2.38, ಅವುಗಳ ಜೊತೆಗೆ 2022ರ ಕೊನೆಗೆ ಬಂದ ಲಿನಕ್ಸ್ 6.1ರ ಹೆಡರುಗಳು. ಗ್ಲಿಬ್‌ಸಿ ಮೂಲದ ‘ಸ್ಕ್ರಿಪ್ಟ್ಸ್’ ಡೈರೆಕ್ಟರಿಯಲ್ಲಿ ‘ಬಿಲ್ಡ್-ಮೆನಿ-ಗ್ಲಿಬ್‌ಸೀಸ್’ ಎಂಬ ಪೈಥಾನ್ ಕಡತ ಇದೆ. ಗ್ಲಿಬ್‌ಸಿ ಬೆಂಬಲಿಸುವ ಎಲ್ಲ ಯಂತ್ರಗಳಿಗೂ ಅದನ್ನು ಬರೆಯುವವರೇ ಟೂಲ್‌ಚೈನ್ ಕಟ್ಟಿ ಪರೀಕ್ಷಿಸುವುದು ಇದರಿಂದ. ಯಾವ ಹಂತಕ್ಕೆ ಯಾವ ಆಯ್ಕೆ ಎಂಬ ಸಂದೇಹ ಬಂದಾಗ ನಾನು ತೆರೆಯುವುದು ಈ ಕಡತವನ್ನೇ. ಓಡಿಸದಿದ್ದರೂ ಪರವಾಗಿಲ್ಲ, ಓದಿ.

ಬಿಲ್ಡ್ ಮತ್ತೆ ಒಡೆದರೆ ಸಮಾನಾಂತರ ಮೇಕ್ ನಿಲ್ಲಿಸಿ, ಒಂದೇ ಕೆಲಸ ಓಡುವಂತೆ ಮಾಡಿ ಲಾಗನ್ನು ಕಡತಕ್ಕೆ ಉಳಿಸಿಕೊಳ್ಳಿ. ಎಂಟು ಕೆಲಸ ಒಟ್ಟಿಗೆ ಓಡುವಾಗ ನಿಜವಾದ ಎರರ್ ನೂರಾರು ಸಾಲು ಮೇಲೆ ಹೋಗಿರುತ್ತದೆ. ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’ ಎಂದಿದ್ದರೆ ಅದು ಕೋಡಿನ ತಪ್ಪಲ್ಲ, ಮೆಮೊರಿ ಸಾಲದು. ಕೆಲಸಗಳ ಸಂಖ್ಯೆ ಇಳಿಸಿ. ಆಯ್ಕೆ ಬದಲಿಸಿದಾಗಲೆಲ್ಲ ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿ. ‘ಮೇಕ್ ಕ್ಲೀನ್’ ನಂಬಬೇಡಿ, ಹಳೆಯ ಕಾನ್ಫಿಗರ್ ಉತ್ತರಗಳು ಅದರಲ್ಲಿ ಉಳಿದಿರುತ್ತವೆ.

ಟೂಲ್‌ಚೈನನ್ನು ತಾವೇ ಕಟ್ಟಿಕೊಡುವ ಕ್ರಾಸ್‌ಟೂಲ್-ಎನ್‌ಜಿ ಅಥವಾ ಬಿಲ್ಡ್‌ರೂಟ್ ಬಳಸಿದರೆ ಇದೆಲ್ಲ ಬೇಡವಲ್ಲ ಎಂದು ಕೆಲವರು ನಿಮಗೆ ಹೇಳುತ್ತಾರೆ. ಕೆಲಸ ಮುಗಿಯಬೇಕಿದ್ದರೆ ಅದು ಸರಿಯಾದ ಮಾತು. ನಾನೂ ಕಚೇರಿಯ ಕೆಲಸಕ್ಕೆ ಬಳಸುವುದು ಅವನ್ನೇ. ಆದರೆ ಮೂಲದಿಂದಲೇ ಕಟ್ಟುತ್ತಿರುವ ನೀವು ಕಲಿಯಲೆಂದು ಹೊರಟಂತಿದೆ. ಒಮ್ಮೆ ಕೈಯಾರೆ ಪೂರ್ತಿ ಕಟ್ಟಿ, ಆಮೇಲೆ ಅವುಗಳ ಕಡೆ ಹೋಗಿ. ಗ್ಲಿಬ್‌ಸಿಯೇ ಬೇಕೆಂದಿಲ್ಲದಿದ್ದರೆ ಮಸ್ಲ್ ಎಂಬ ಸಿ ಲೈಬ್ರರಿ ಇನ್ನೂ ಹಗುರ, ಅದರ ಮೂಲವನ್ನು ಒಬ್ಬರೇ ಕೂತು ಓದಿ ಅರ್ಥಮಾಡಿಕೊಳ್ಳಬಹುದು.

ಎಲ್ಲ ಮುಗಿದ ಮೇಲೆ ಹೊಸ ಜಿಸಿಸಿಗೆ ‘ಪ್ರಿಂಟ್-ಫೈಲ್-ನೇಮ್’ ಆಯ್ಕೆಯಲ್ಲಿ ‘ಸಿಆರ್‌ಟಿಐ.ಓ’ ಎಂದು ಕೇಳಿ. ಎಲ್‌ಪಿ64ಡಿ ಇರುವ ಪೂರ್ತಿ ದಾರಿ ಬರಬೇಕು, ಬರಿಯ ಹೆಸರು ಮರಳಿದರೆ ಇನ್ನೂ ಸಿಕ್ಕಿಲ್ಲ. ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ‘ರೀಡ್‌ಎಲ್ಫ್’ ಎಂಬ ಬಿನ್‌ಯುಟಿಲ್ಸ್ ಉಪಕರಣದಿಂದ ಅದರ ತಲೆಬರಹ ನೋಡಿ: ಫ್ಲ್ಯಾಗ್ಸ್ ಸಾಲಿನಲ್ಲಿ ‘ಆರ್‌ವಿಸಿ, ಡಬಲ್-ಫ್ಲೋಟ್ ಎಬಿಐ’ ಎಂದಿರಬೇಕು. ಬೋರ್ಡಿಗೆ ಒಯ್ಯುವ ಮುನ್ನ ಲ್ಯಾಪ್‌ಟಾಪಿನಲ್ಲೇ ‘ಕ್ಯೂಎಮು-ರಿಸ್ಕ್‌ವಿ64’ಗೆ (ರಿಸ್ಕ್-ಫೈವ್ ಪ್ರೊಸೆಸರನ್ನು ಅನುಕರಿಸುವ ತಂತ್ರಾಂಶ) ದೊಡ್ಡ ‘ಎಲ್’ ಆಯ್ಕೆಯಲ್ಲಿ ಸಿಸ್‌ರೂಟಿನ ದಾರಿ ಕೊಟ್ಟು ಓಡಿಸಿ. ಆ ಪ್ರೋಗ್ರಾಮಿನಲ್ಲಿ ಬರೀ ಒಂದು ವಾಕ್ಯ ಮುದ್ರಿಸಬೇಡಿ, ಒಂದು ಡಬಲ್ ಸಂಖ್ಯೆಯ ವರ್ಗಮೂಲವನ್ನೂ ಮುದ್ರಿಸಿ. ಸಂಖ್ಯೆ ಸರಿಬಂದರೆ ಕಂಪೈಲರೂ ಲೈಬ್ರರಿಯೂ ಈಗ ಒಂದೇ ಜೇಬಿನಲ್ಲಿ ಹುಡುಕುತ್ತಿವೆ.